ಬೂಟೇಬಲ್ ಪೆನ್‌ಡ್ರೈವ್ ಮಾಡೋದು ಹೇಗೆ? ಫೈಲ್ ಇಳಿಸುವುದರಿಂದ ಎಫ್12 ಒತ್ತುವವರೆಗೆ

"ಐಎಸ್ಒ ಫೈಲನ್ನ ಪೆನ್‌ಡ್ರೈವಿಗೆ ಕಾಪಿ ಮಾಡಿದೆ ಸಾರ್, ಲ್ಯಾಪ್‌ಟಾಪಿಗೆ ಹಾಕಿ ಆನ್ ಮಾಡಿದೆ, ಏನೂ ಬರ್ತಿಲ್ಲ, ಹಳೇ ವಿಂಡೋಸೇ ಓಪನ್ ಆಗ್ತಿದೆ."

ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ದಾವಣಗೆರೆ ವಿದ್ಯಾನಗರದ ಹಾಸ್ಟೆಲ್ ಹುಡುಗರು ಕೇಳುತ್ತಾರೆ, ಮಂಡಿಪೇಟೆ ಅಂಗಡಿಯವರು ಕೇಳುತ್ತಾರೆ, ಚಳ್ಳಕೆರೆ, ಹೊಸದುರ್ಗದಿಂದ ಫೋನ್ ಮಾಡಿಯೂ ಕೇಳುತ್ತಾರೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತಲ್ಲ, ಆಮೇಲಂತೂ ಜಾಸ್ತಿ ಆಗಿದೆ. ಲ್ಯಾಪ್‌ಟಾಪ್ ಚೆನ್ನಾಗೇ ಇದೆ, ಆದರೆ ವಿಂಡೋಸ್ 11 ಹತ್ತೋದಿಲ್ಲ ಅನ್ನುತ್ತೆ, ಏನು ಮಾಡೋದು ಅನ್ನೋದು ಎಲ್ಲರ ಪ್ರಶ್ನೆ. ಪ್ರತಿಯೊಬ್ಬರಿಗೂ ಫೋನಲ್ಲಿ ಅರ್ಧರ್ಧ ಹೇಳುವ ಬದಲು ಒಂದೇ ಕಡೆ ಪೂರ್ತಿ ಬರೆದಿದ್ದೇನೆ.

ಒಂದು ಮಾತು ಮೊದಲೇ ಹೇಳುತ್ತೇನೆ. ಪೆನ್‌ಡ್ರೈವ್ ತಯಾರಿಸುವುದು ಹತ್ತು ಹದಿನೈದು ನಿಮಿಷದ ಕೆಲಸ. ಎಡವಟ್ಟು ಆಗುವುದು ಅಲ್ಲಲ್ಲ. ಅದಕ್ಕಿಂತ ಮುಂಚೆ ಡೇಟಾ ತೆಗೆದಿಡದೆ ಇರುವುದರಲ್ಲಿ, ಅರ್ಧಂಬರ್ಧ ಇಳಿದ ಫೈಲನ್ನು ನಂಬುವುದರಲ್ಲಿ, ಆಮೇಲೆ ಬೂಟ್ ಮೆನು ಸಿಗದೆ ಪರದಾಡುವುದರಲ್ಲಿ. ಹಾಗಾಗಿ ಆ ಜಾಗಗಳಲ್ಲಿ ನಾನು ಜಾಸ್ತಿ ಹೊತ್ತು ನಿಲ್ಲುತ್ತೇನೆ. ದಯವಿಟ್ಟು ಹಾರಿಸಿ ಓದಬೇಡಿ.

ಕೆಲವು ಪದಗಳು

ಓಎಸ್ ಅಂದರೆ ಆಪರೇಟಿಂಗ್ ಸಿಸ್ಟಮ್. ವಿಂಡೋಸ್, ಲಿನಕ್ಸ್ ಇವೆಲ್ಲ ಓಎಸ್‌ಗಳು.

ಐಎಸ್ಒ ಅಂದರೆ ಓಎಸ್‌ನ ಇಡೀ ಇನ್‌ಸ್ಟಾಲೇಶನ್ ಡಿಸ್ಕನ್ನು ಒಂದೇ ಫೈಲಿನಲ್ಲಿ ಕಟ್ಟಿಟ್ಟ ಮೂಟೆ. ಮೂಟೆಯನ್ನು ಹಾಗೇ ಪೆನ್‌ಡ್ರೈವಿನಲ್ಲಿ ಇಟ್ಟರೆ ಕಂಪ್ಯೂಟರಿಗೆ ಅದು ಬರೀ ಒಂದು ಫೈಲು, ಅಷ್ಟೇ. ಮೂಟೆ ಬಿಚ್ಚಿ, ಒಳಗಿರುವುದನ್ನು ಸರಿಯಾಗಿ ಜೋಡಿಸಿ, ಕಂಪ್ಯೂಟರ್ ಆನ್ ಆದ ತಕ್ಷಣ ಓದುವ ಜಾಗದಲ್ಲಿ ಇಡಬೇಕು. ಮೇಲಿನ ಪ್ರಶ್ನೆಗೆ ಉತ್ತರ ಇದೇ. ಕಾಪಿ ಮಾಡಿದರೆ ಆಗುವುದಿಲ್ಲ, ಒಂದು ಸಾಫ್ಟ್‌ವೇರ್‌ನಿಂದ ಬರೆಯಬೇಕು.

ಬೂಟ್ ಆಗುವುದು ಅಂದರೆ ಕಂಪ್ಯೂಟರ್ ಆನ್ ಆಗಿ ಓಎಸ್ ಎದ್ದು ಬರುವುದು. ಹಾಗೆ ಎಬ್ಬಿಸಬಲ್ಲ ಪೆನ್‌ಡ್ರೈವೇ ಬೂಟೇಬಲ್ ಪೆನ್‌ಡ್ರೈವ್. ಆನ್ ಮಾಡಿದ ತಕ್ಷಣ ಮೊದಲು ಓಡುವುದು ಮದರ್‌ಬೋರ್ಡಿನಲ್ಲೇ ಇರುವ ಒಂದು ಚಿಕ್ಕ ಸಾಫ್ಟ್‌ವೇರ್. ಹಳೇ ಕಂಪ್ಯೂಟರುಗಳಲ್ಲಿ ಅದರ ಹೆಸರು ಬಯಾಸ್, ಹೊಸದರಲ್ಲಿ ಯುಇಎಫ್ಐ. ಬಾಯಿ ಮಾತಿನಲ್ಲಿ ಎಲ್ಲರೂ ಎರಡಕ್ಕೂ ಬಯಾಸ್ ಅಂತಲೇ ಹೇಳುತ್ತಾರೆ. ಓಎಸ್ ಎಲ್ಲಿದೆ ಅಂತ ಹುಡುಕಿ ಎಬ್ಬಿಸುವುದು ಅದರ ಕೆಲಸ.

ಏನೇನು ಬೇಕು

ಸರಿಯಾಗಿ ಓಡುವ ಒಂದು ಕಂಪ್ಯೂಟರ್. ನಿಮ್ಮದೇ ಹಾಳಾಗಿದ್ದರೆ ಗೆಳೆಯರದ್ದು ನಡೆಯುತ್ತದೆ.

8 ಜಿಬಿ ಅಥವಾ ಅದಕ್ಕಿಂತ ದೊಡ್ಡ ಪೆನ್‌ಡ್ರೈವ್. 16 ಜಿಬಿ ಇದ್ದರೆ ಆರಾಮ. ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮುಂಚೆಯೇ ಬೇರೆ ಕಡೆ ತೆಗೆದಿಡಿ. ಸಂತೆಯಲ್ಲಿ, ಬಸ್ ಸ್ಟ್ಯಾಂಡ್ ಹತ್ತಿರ ತೀರಾ ಕಡಿಮೆ ಬೆಲೆಗೆ ಸಿಗುವ "1 ಟಿಬಿ" ಪೆನ್‌ಡ್ರೈವ್ ಬೇಡವೇ ಬೇಡ. ಅವು ನಕಲಿ. ಒಳಗಿರುವುದು ಚಿಕ್ಕ ಚಿಪ್ಪು, ತೋರಿಸುವುದು ಮಾತ್ರ ದೊಡ್ಡ ಲೆಕ್ಕ. ಬರೆಯುವಾಗ ಎಲ್ಲ ಸರಿ ಅನಿಸುತ್ತದೆ, ಇನ್‌ಸ್ಟಾಲ್ ಅರ್ಧಕ್ಕೆ ಬಂದಾಗ ಕೈ ಕೊಡುತ್ತದೆ.

ಇಂಟರ್ನೆಟ್. ಲಿನಕ್ಸಿನ ಒಂದು ಬಗೆಯಾದ ಲಿನಕ್ಸ್ ಮಿಂಟ್ ಆದರೆ ಸುಮಾರು 3 ಜಿಬಿ, ವಿಂಡೋಸ್ 11 ಆದರೆ 5 ಜಿಬಿಗಿಂತ ಜಾಸ್ತಿ. ದಿನಕ್ಕೆ 1.5 ಅಥವಾ 2 ಜಿಬಿ ಸಿಗುವ ಮೊಬೈಲ್ ಪ್ಯಾಕಿನ ಹಾಟ್‌ಸ್ಪಾಟ್ ಹಾಕಿಕೊಂಡು ಕೂತರೆ ಮಧ್ಯದಲ್ಲೇ ನಿಂತುಹೋಗುತ್ತದೆ. ವೈಫೈ ಇರುವ ಮನೆಯಲ್ಲೋ ಕಾಲೇಜಿನಲ್ಲೋ ಇಳಿಸಿಕೊಳ್ಳಿ. ಅದಕ್ಕೂ ಅವಕಾಶ ಇಲ್ಲದಿದ್ದರೆ ಮಿಂಟ್‌ನವರು ಟೊರೆಂಟ್ ಕೂಡ ಕೊಡುತ್ತಾರೆ. ಅದರಲ್ಲಿ ಇವತ್ತು ನಿಂತದ್ದನ್ನು ನಾಳೆ ಅಲ್ಲಿಂದಲೇ ಮುಂದುವರಿಸಬಹುದು.

ಹಂತ 1: ಯಾವ ಓಎಸ್ ಅಂತ ತೀರ್ಮಾನ ಮಾಡಿ

ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಕೇಳುವುದು ಇಷ್ಟು: 4 ಜಿಬಿ ರ್‍ಯಾಮ್, 64 ಜಿಬಿ ಜಾಗ, ಯುಇಎಫ್ಐ, ಮತ್ತೆ ಟಿಪಿಎಂ 2.0 ಅನ್ನುವ ಒಂದು ಭದ್ರತಾ ಚಿಪ್ಪು. ಇಂಟೆಲ್ ಆದರೆ ಹೆಚ್ಚುಕಡಿಮೆ 8ನೇ ಜನರೇಶನ್ ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಬೇಕು. ನಿಮ್ಮದು ಇದಕ್ಕೆ ಹೊಂದಿದರೆ ವಿಂಡೋಸ್ 11 ಹಾಕಿಕೊಳ್ಳಿ, ತಲೆನೋವಿಲ್ಲ.

ಹೊಂದದಿದ್ದರೆ ನನ್ನ ಸಲಹೆ ಲಿನಕ್ಸ್ ಮಿಂಟ್. 22ನೇ ಆವೃತ್ತಿಗೆ 2029ರವರೆಗೆ ಅಪ್‌ಡೇಟ್ ಬರುತ್ತದೆ, ದುಡ್ಡು ಕೊಡಬೇಕಾಗಿಲ್ಲ, ವಿಂಡೋಸ್ ಬಳಸಿದವರಿಗೆ ನೋಡಿದ ಹಾಗೇ ಇರುತ್ತದೆ. 2 ಜಿಬಿ ರ್‍ಯಾಮ್ ಇದ್ದರೂ ಹತ್ತುತ್ತದೆ, 4 ಜಿಬಿ ಇದ್ದರೆ ನೆಮ್ಮದಿ. ಮಿಂಟ್‌ನಲ್ಲಿ ಮೂರು ಬಗೆ ಇವೆ. ಹಳೇ ಲ್ಯಾಪ್‌ಟಾಪಿಗೆ ಎಕ್ಸ್‌ಎಫ್‌ಸಿಇ ಹಗುರ, ಸ್ವಲ್ಪ ಶಕ್ತಿ ಇರುವುದಕ್ಕೆ ಸಿನಮನ್ ಚೆನ್ನ. ಪ್ರೊಸೆಸರ್ ಮಾತ್ರ 64 ಬಿಟ್ ಇರಲೇಬೇಕು.

ಆದರೆ ಇಲ್ಲಿ ಒಂದು ಮುಖ್ಯ ವಿಷಯ. ನಿಮ್ಮ ಅಂಗಡಿ ಟ್ಯಾಲಿ ಮೇಲೆ ನಡೆಯುತ್ತಿದ್ದರೆ ಲಿನಕ್ಸಿಗೆ ಹೋಗಬೇಡಿ. ಟ್ಯಾಲಿ ವಿಂಡೋಸಿಗಾಗಿ ಮಾಡಿದ್ದು. ಹೇಗೋ ಮಾಡಿ ಓಡಿಸಬಹುದು ಅಂತ ಯಾರಾದರೂ ಹೇಳಿದರೂ ಮಾರ್ಚ್ ತಿಂಗಳಲ್ಲಿ ಲೆಕ್ಕ ಮುಗಿಸುವಾಗ ಆ ಪ್ರಯೋಗ ಬೇಡ.

ಡಿಟಿಪಿ ಮಾಡುವವರಿಗೂ ಇದೇ ಎಚ್ಚರಿಕೆ. ಲಗ್ನಪತ್ರಿಕೆ, ಕರಪತ್ರ, ಬ್ಯಾನರ್ ಮಾಡುವ ಅಂಗಡಿಗಳಲ್ಲಿ ಹಳೇ ನುಡಿ, ಬರಹ, ಶ್ರೀಲಿಪಿ ಫಾಂಟಿನಲ್ಲಿ ಟೈಪ್ ಮಾಡಿದ ಫೈಲು ರಾಶಿ ಇರುತ್ತವೆ. ಅವು ಯೂನಿಕೋಡ್ ಅಲ್ಲ, ಅಂದರೆ ಎಲ್ಲ ಕಂಪ್ಯೂಟರಿಗೂ ಒಂದೇ ಆಗಿರುವ ಅಕ್ಷರ ಸಂಕೇತದಲ್ಲಿ ಇಲ್ಲ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅಕ್ಷರದ ಬದಲು ಅರ್ಥವಾಗದ ಗುರುತುಗಳು ಬರುತ್ತವೆ, ಅಯ್ಯೋ ಫೈಲು ಹಾಳಾಯ್ತು ಅಂತ ಗಾಬರಿ ಆಗುತ್ತದೆ. ಫೈಲು ಹಾಳಾಗಿರುವುದಿಲ್ಲ, ಫಾಂಟ್ ಇರುವುದಿಲ್ಲ. ವಿಂಡೋಸ್ ಮತ್ತೆ ಹಾಕಿದರೂ ಇದು ಆಗುತ್ತದೆ, ಯಾಕೆಂದರೆ ಹೊಸ ವಿಂಡೋಸಿನಲ್ಲಿ ಆ ಫಾಂಟ್‌ಗಳು ಇರುವುದಿಲ್ಲವಲ್ಲ. ಫಾಂಟ್ ಫೈಲುಗಳನ್ನೂ ತೆಗೆದಿಡಬೇಕು ಅನ್ನುವುದು ಅದಕ್ಕೇ.

ಯೂನಿಕೋಡ್ ಕನ್ನಡಕ್ಕೆ ಮಿಂಟ್‌ನಲ್ಲಿ ಏನೂ ತೊಂದರೆ ಇಲ್ಲ. ಕೀಬೋರ್ಡ್ ಪಟ್ಟಿಯಲ್ಲಿ ಕಗಪ ವಿನ್ಯಾಸ ಇದೆ. ನುಡಿಯಲ್ಲಿ ಟೈಪ್ ಮಾಡಿ ರೂಢಿ ಇರುವ ಬೆರಳಿಗೆ ಅದೇ ಸಾಕು.

ಹಂತ 2: ಡೇಟಾ ತೆಗೆದಿಡಿ

ಹೊಸ ಓಎಸ್ ಹಾಕುವಾಗ ಕಂಪ್ಯೂಟರಿನ ಡಿಸ್ಕ್ ಅಳಿಸಿಹೋಗಬಹುದು. "ಡಿ ಡ್ರೈವಲ್ಲಿ ಇದೆ, ಏನಾಗಲ್ಲ ಬಿಡಿ" ಅನ್ನುವವರು ತುಂಬಾ ಜನ. ಡಿ ಡ್ರೈವ್ ಅನ್ನುವುದು ಬಹಳಷ್ಟು ಸಲ ಅದೇ ಡಿಸ್ಕಿನ ಇನ್ನೊಂದು ಭಾಗ ಮಾತ್ರ. ಡಿಸ್ಕ್ ಪೂರ್ತಿ ಅಳಿಸು ಅಂತ ಒತ್ತಿದರೆ ಸಿ, ಡಿ ಎರಡೂ ಹೋಗುತ್ತವೆ. ಬೇರೆ ಹಾರ್ಡ್‌ಡಿಸ್ಕಿಗೆ ಕಾಪಿ ಆಗಬೇಕು.

ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್ ಎಲ್ಲರಿಗೂ ನೆನಪಿರುತ್ತದೆ. ಮರೆಯುವುದು ಇವು: ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್ ಮತ್ತು ಬುಕ್‌ಮಾರ್ಕ್, ಟ್ಯಾಲಿಯ ಡೇಟಾ ಫೋಲ್ಡರ್, ಮೇಲೆ ಹೇಳಿದ ಕನ್ನಡ ಫಾಂಟ್‌ಗಳು, ಪ್ರಿಂಟರ್ ಡ್ರೈವರ್. ಟ್ಯಾಲಿಯ ಡೇಟಾ ಎಲ್ಲಿದೆ ಅಂತ ಊಹೆ ಮಾಡಬೇಡಿ. ಟ್ಯಾಲಿ ತೆರೆದರೆ ಕಂಪನಿ ಆರಿಸುವ ಕಡೆ ಡೇಟಾ ಫೋಲ್ಡರಿನ ದಾರಿ ತೋರಿಸುತ್ತದೆ, ಆ ಫೋಲ್ಡರನ್ನೇ ಕಾಪಿ ಮಾಡಿ. ಟ್ಯಾಲಿಯ ಒಳಗಿನ ಬ್ಯಾಕಪ್ ಕೂಡ ತೆಗೆಯಿರಿ. ಎರಡೂ ಇರಲಿ.

ಕಾಪಿ ಆದಮೇಲೆ ಆ ಹಾರ್ಡ್‌ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಹಾಕಿ ನಾಲ್ಕು ಫೈಲು ತೆರೆದು ನೋಡಿ. ತೆರೆದು ನೋಡದ ಬ್ಯಾಕಪ್ಪನ್ನು ನಾನು ಬ್ಯಾಕಪ್ ಅಂತ ಒಪ್ಪುವುದಿಲ್ಲ.

ಇನ್ನೊಂದು ವಿಷಯ, ಬಿಟ್‌ಲಾಕರ್. ಇದು ಡಿಸ್ಕಿನಲ್ಲಿರುವುದಕ್ಕೆಲ್ಲ ಬೀಗ ಹಾಕುವ ವಿಂಡೋಸಿನ ಸೌಲಭ್ಯ. ಹೊಸ ಲ್ಯಾಪ್‌ಟಾಪುಗಳಲ್ಲಿ ನಿಮಗೆ ಗೊತ್ತಿಲ್ಲದೆಯೇ ಆನ್ ಆಗಿರಬಹುದು. ನಾಳೆ ಬಯಾಸಿನಲ್ಲಿ ಏನಾದರೂ ಬದಲಾಯಿಸಿದ ಕೂಡಲೇ ನೀಲಿ ಪರದೆ ಬಂದು 48 ಅಂಕಿಯ ರಿಕವರಿ ಕೀ ಕೇಳಬಹುದು. ಕೀ ಇಲ್ಲದಿದ್ದರೆ ಡೇಟಾ ಸಿಗುವುದಿಲ್ಲ, ಯಾವ ಅಂಗಡಿಯವರ ಕೈಲೂ ಆಗುವುದಿಲ್ಲ. ಈಗಲೇ ಸೆಟ್ಟಿಂಗ್ಸಿಗೆ ಹೋಗಿ ಡಿವೈಸ್ ಎನ್‌ಕ್ರಿಪ್ಶನ್ ಆನ್ ಇದೆಯಾ ನೋಡಿ. ಇದ್ದರೆ ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಆ ಕೀ ಸಿಗುತ್ತದೆ, ಕಾಗದದ ಮೇಲೆ ಬರೆದುಕೊಳ್ಳಿ.

ಹಂತ 3: ಐಎಸ್ಒ ಇಳಿಸಿ, ತಾಳೆ ನೋಡಿ

ಇಳಿಸುವುದು ಮೂಲ ಜಾಗದಿಂದಲೇ. ಮಿಂಟ್ ಆದರೆ ಲಿನಕ್ಸ್‌ಮಿಂಟ್ ಡಾಟ್ ಕಾಮ್, ವಿಂಡೋಸ್ ಆದರೆ ಮೈಕ್ರೋಸಾಫ್ಟಿನ ಡೌನ್‌ಲೋಡ್ ಪುಟ. ಟೆಲಿಗ್ರಾಮಿನಲ್ಲಿ ಓಡಾಡುವ "ಲೈಟ್ ವಿಂಡೋಸ್", "ಪ್ರೀ ಆಕ್ಟಿವೇಟೆಡ್ ವಿಂಡೋಸ್" ಬೇಡ. ಯಾರೋ ಬಿಚ್ಚಿ, ಏನೋ ಸೇರಿಸಿ, ಮತ್ತೆ ಕಟ್ಟಿದ ಮೂಟೆ ಅದು. ಅದೇ ಕಂಪ್ಯೂಟರಿನಲ್ಲಿ ನೀವು ಬ್ಯಾಂಕ್ ಪಾಸ್‌ವರ್ಡ್ ಟೈಪ್ ಮಾಡುತ್ತೀರಿ ಅಲ್ವಾ? ವಿಂಡೋಸಿನ ಐಎಸ್ಒ ಇಳಿಸಲು ಮೈಕ್ರೋಸಾಫ್ಟ್ ದುಡ್ಡು ಕೇಳುವುದೇ ಇಲ್ಲ, ಲೈಸೆನ್ಸಿನ ವಿಷಯ ಬೇರೆ.

ಇಳಿಸಿದ ಮೇಲೆ ತಾಳೆ ನೋಡುವುದನ್ನು ಬಹಳ ಜನ ಬಿಡುತ್ತಾರೆ. ಜಗಳೂರು ಕಡೆಯಿಂದ ಮೆಕ್ಕೆಜೋಳದ ಲೋಡು ಎಪಿಎಂಸಿಗೆ ಬಂದಾಗ ಅಲ್ಲಿನ ತೂಕದ ಚೀಟಿ ನೋಡಿ, ಇಲ್ಲಿ ಮತ್ತೆ ತೂಗುತ್ತಾರೆ. ಎರಡೂ ಒಂದೇ ಇದ್ದರೆ ದಾರಿಯಲ್ಲಿ ಏನೂ ಆಗಿಲ್ಲ ಅಂತ ಅರ್ಥ. ಇದೂ ಹಾಗೇ. ಮಿಂಟ್‌ನವರು ತಮ್ಮ ಪುಟದಲ್ಲಿ ಪ್ರತಿ ಐಎಸ್ಒಗೂ ಎಸ್ಎಚ್ಎ256 ಅನ್ನುವ 64 ಅಕ್ಷರ ಮತ್ತು ಅಂಕಿಗಳ ಒಂದು ಸಾಲು ಕೊಟ್ಟಿರುತ್ತಾರೆ. ಫೈಲಿನಲ್ಲಿ ಒಂದೇ ಒಂದು ಚೂರು ಬದಲಾದರೂ ಆ ಸಾಲು ಪೂರ್ತಿ ಬೇರೆಯಾಗುತ್ತದೆ. ನಮ್ಮ ಫೈಲಿನ ಸಾಲು ಲೆಕ್ಕ ಹಾಕಲು ಕಮಾಂಡ್ ಏನೂ ಬೇಡ. ಮುಂದೆ ಹೇಳುವ ರೂಫಸ್‌ನಲ್ಲಿ ಐಎಸ್ಒ ಆರಿಸಿದ ಮೇಲೆ ಪಕ್ಕದಲ್ಲೇ ಒಂದು ಟಿಕ್ ಗುರುತಿನ ಚಿಕ್ಕ ಬಟನ್ ಇದೆ, ಒತ್ತಿದರೆ ತಾನೇ ಲೆಕ್ಕ ಹಾಕಿ ತೋರಿಸುತ್ತದೆ. ಮೊದಲಿನ ಆರು, ಕೊನೆಯ ಆರು ಅಕ್ಷರ ಹೊಂದಿದರೆ ಫೈಲು ಸರಿಯಾಗಿ ಇಳಿದಿದೆ ಅಂದುಕೊಳ್ಳಬಹುದು. ಹೊಂದದಿದ್ದರೆ ಆ ಫೈಲು ಬಿಸಾಕಿ, ಮತ್ತೆ ಇಳಿಸಿ. "ನೋಡೋಣ, ಆಗಬಹುದು" ಅಂತ ಮುಂದೆ ಹೋದರೆ ಇನ್‌ಸ್ಟಾಲ್ ನಡುವೆ ಏನೋ ಒಂದು ಎರರ್ ಬರುತ್ತದೆ, ನೀವು ಪೆನ್‌ಡ್ರೈವಿಗೆ, ಹಾರ್ಡ್‌ಡಿಸ್ಕಿಗೆ, ರ್‍ಯಾಮಿಗೆ ಬೈಯುತ್ತಾ ಒಂದು ದಿನ ಕಳೆಯುತ್ತೀರಿ.

ಹಂತ 4: ನಿಮ್ಮದು ಲೆಗಸಿನಾ, ಯುಇಎಫ್ಐನಾ?

ಓಎಸ್ ಹಾಕಬೇಕಾದ ಕಂಪ್ಯೂಟರಿನಲ್ಲಿ ಈಗ ವಿಂಡೋಸ್ ಓಡುತ್ತಿದ್ದರೆ ಸ್ಟಾರ್ಟ್ ಮೆನುವಿನಲ್ಲಿ ಸಿಸ್ಟಮ್ ಇನ್‌ಫರ್ಮೇಶನ್ ಅಂತ ಹುಡುಕಿ ತೆರೆಯಿರಿ. ಅಲ್ಲಿ ಬಯಾಸ್ ಮೋಡ್ ಅನ್ನುವ ಸಾಲು ಇರುತ್ತದೆ. ಮುಂದೆ ಯುಇಎಫ್ಐ ಅಂತಲೋ ಲೆಗಸಿ (ಅಂದರೆ ಹಳೇ ಬಯಾಸ್) ಅಂತಲೋ ಬರೆದಿರುತ್ತದೆ. ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಕಂಪ್ಯೂಟರ್ ಏಳುತ್ತಲೇ ಇಲ್ಲ ಅಂದರೆ ಹೀಗೆ ಊಹಿಸಿ: ವಿಂಡೋಸ್ 8 ಅಥವಾ 10 ಜೊತೆಗೇ ಬಂದ ಲ್ಯಾಪ್‌ಟಾಪ್ ಆದರೆ ಯುಇಎಫ್ಐ, ವಿಂಡೋಸ್ 7 ಕಾಲದ್ದಾದರೆ ಬಹುತೇಕ ಲೆಗಸಿ.

ಹಂತ 5: ಪೆನ್‌ಡ್ರೈವಿಗೆ ಬರೆಯಿರಿ

ವಿಂಡೋಸ್ ಕಂಪ್ಯೂಟರಿನಲ್ಲಿ ಈ ಕೆಲಸಕ್ಕೆ ರೂಫಸ್ ಸಾಕು. ಉಚಿತ, ಚಿಕ್ಕದು, ಇನ್‌ಸ್ಟಾಲ್ ಕೂಡ ಮಾಡಬೇಕಾಗಿಲ್ಲ. ಅದರ ನಿಜವಾದ ವಿಳಾಸ ರೂಫಸ್ ಡಾಟ್ ಐಇ. ಗೂಗಲಿನಲ್ಲಿ ಹುಡುಕಿದಾಗ ಮೇಲೆ ಬರುವ ಜಾಹೀರಾತು ಒತ್ತಬೇಡಿ. ಆ ಪುಟದಲ್ಲೂ ದೊಡ್ಡ ಹಸಿರು ಡೌನ್‌ಲೋಡ್ ಬಟನ್ನಿನ ಜಾಹೀರಾತು ಬರಬಹುದು, ಅದನ್ನು ಬಿಟ್ಟು ರೂಫಸ್ ಅಂತ ಹೆಸರಿರುವ ಫೈಲನ್ನೇ ಒತ್ತಿ.

ಬರೆಯುವ ಮುಂಚೆ ಬೇರೆ ಪೆನ್‌ಡ್ರೈವ್, ಹಾರ್ಡ್‌ಡಿಸ್ಕ್ ಎಲ್ಲ ಕಿತ್ತುಬಿಡಿ. ಒಂದೇ ಒಂದು ಪೆನ್‌ಡ್ರೈವ್ ಇರಲಿ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಹಾಕಿಕೊಳ್ಳಿ. ಡೆಸ್ಕ್‌ಟಾಪಿಗೆ ಯುಪಿಎಸ್ ಇಲ್ಲದಿದ್ದರೆ ಕರೆಂಟ್ ಹೋಗುವ ಹೊತ್ತು ನೋಡಿಕೊಂಡು ಕೂರಿ.

ರೂಫಸ್ ತೆರೆದ ಮೇಲೆ ಮೇಲಿನಿಂದ ಕೆಳಗೆ ಹೀಗೆ ಬನ್ನಿ:

1. ಡಿವೈಸ್ ಜಾಗದಲ್ಲಿ ನಿಮ್ಮ ಪೆನ್‌ಡ್ರೈವಿನ ಹೆಸರು, ಸೈಜ್ ಸರಿಯಾಗಿದೆಯಾ ನೋಡಿ. ಯುಎಸ್‌ಬಿ ಹಾರ್ಡ್‌ಡಿಸ್ಕ್ ತೋರಿಸು ಅನ್ನುವ ಆಯ್ಕೆಗೆ ಟಿಕ್ ಹಾಕಬೇಡಿ. ಗೆಳೆಯರೊಬ್ಬರು ಅದನ್ನು ಆನ್ ಮಾಡಿ, ಅವಸರದಲ್ಲಿ ತಂಗಿ ಮದುವೆ ಫೋಟೋ ಇದ್ದ ಡಿಸ್ಕಿನ ಮೇಲೆ ಬರೆದುಬಿಟ್ಟರು. ಅರ್ಧದಷ್ಟು ಫೋಟೋ ಮಾತ್ರ ವಾಪಸ್ ಸಿಕ್ಕಿತು.

2. ಸೆಲೆಕ್ಟ್ ಬಟನ್ ಒತ್ತಿ ಐಎಸ್ಒ ತೋರಿಸಿ. ಇಲ್ಲೇ ಆ ಟಿಕ್ ಗುರುತಿನ ಬಟನ್ ಒತ್ತಿ ತಾಳೆ ನೋಡಿಕೊಳ್ಳಿ.

3. ಪಾರ್ಟಿಶನ್ ಸ್ಕೀಮ್. ಪಾರ್ಟಿಶನ್ ಅಂದರೆ ಡಿಸ್ಕನ್ನು ಪಾಲು ಮಾಡಿದ ಭಾಗ, ಹೊಲಕ್ಕೆ ಬದು ಹಾಕಿದ ಹಾಗೆ. ಆ ಪಾಲುಗಳ ಪಟ್ಟಿ ಬರೆದಿಡುವ ರೀತಿಯೇ ಸ್ಕೀಮ್. ಚೀಟಿಯಲ್ಲಿ ಯುಇಎಫ್ಐ ಅಂತ ಬರೆದಿದ್ದರೆ ಜಿಪಿಟಿ, ಲೆಗಸಿ ಅಂತ ಇದ್ದರೆ ಎಂಬಿಆರ್ ಆರಿಸಿ. ಮಿಂಟ್ ಐಎಸ್ಒಗೆ ಎಂಬಿಆರ್ ಆರಿಸಿದರೆ ಹಳೇದು ಹೊಸದು ಎರಡರಲ್ಲೂ ಬೂಟ್ ಆಗುತ್ತದೆ. ಗೊತ್ತಾಗದಿದ್ದರೆ ಅದನ್ನೇ ಇಡಿ.

4. ಫೈಲ್ ಸಿಸ್ಟಮ್ ಮುಟ್ಟಬೇಡಿ. ರೂಫಸ್ ತಾನೇ ಆರಿಸುತ್ತದೆ. ಫ್ಯಾಟ್32 ಅನ್ನುವ ಫೈಲ್ ಸಿಸ್ಟಮ್ಮಿನಲ್ಲಿ ಒಂದು ಫೈಲು 4 ಜಿಬಿ ಮೀರುವ ಹಾಗಿಲ್ಲ. ವಿಂಡೋಸ್ ಐಎಸ್ಒ ಒಳಗೆ ಅದಕ್ಕಿಂತ ದೊಡ್ಡ ಫೈಲು ಇರುತ್ತದೆ, ಅದಕ್ಕೇ ರೂಫಸ್ ಅಲ್ಲಿ ಎನ್‌ಟಿಎಫ್ಎಸ್ ತೆಗೆದುಕೊಳ್ಳುತ್ತದೆ. ಕೈಯಾರೆ ಫಾರ್ಮ್ಯಾಟ್ ಮಾಡಿ ಫೈಲು ಎಳೆದು ಹಾಕುವವರು ಎಡವುವುದು ಇಲ್ಲೇ.

5. ಸ್ಟಾರ್ಟ್ ಒತ್ತಿ. ಮಿಂಟ್ ಆದರೆ ಐಎಸ್ಒ ಮೋಡಾ ಡಿಡಿ ಮೋಡಾ ಅಂತ ಕೇಳುತ್ತದೆ. ಮೊದಲ ಸಲ ಐಎಸ್ಒ ಮೋಡ್ ಇರಲಿ. ಬೂಟ್ ಆಗದಿದ್ದರೆ ಎರಡನೇ ಸಲ ಡಿಡಿ ನೋಡಿ. ಇನ್ನೂ ಒಂದೆರಡು ಫೈಲು ಇಳಿಸಬೇಕು ಅಂದರೆ ಎಸ್ ಅನ್ನಿ. ಎಲ್ಲ ಅಳಿಸಿಹೋಗುತ್ತದೆ ಅನ್ನುವ ಎಚ್ಚರಿಕೆ ಬಂದಾಗ ಇನ್ನೊಮ್ಮೆ ಪೆನ್‌ಡ್ರೈವಿನ ಹೆಸರು ಓದಿ, ಆಮೇಲೆ ಓಕೆ.

ಹಳೇ ಯುಎಸ್‌ಬಿ 2.0 ಪೆನ್‌ಡ್ರೈವಿಗೆ 3 ಜಿಬಿ ಬರೆಯಲು ಎಂಟು ಹತ್ತು ನಿಮಿಷ ಹಿಡಿಯುತ್ತದೆ, ಹೊಸದಾದರೆ ಬೇಗ. ಒಂದು ಪ್ಲೇಟು ಮಿರ್ಚಿ ಮಂಡಕ್ಕಿ ತಿನ್ನುವಷ್ಟು ಹೊತ್ತು. ಪಟ್ಟಿ ಪೂರ್ತಿ ಹಸಿರಾಗಿ ರೆಡಿ ಅಂತ ಬರುವವರೆಗೂ ಮುಟ್ಟಬೇಡಿ. ನಡುವೆ ನಿಂತಹಾಗೆ ಕಾಣುವುದು ಸಹಜ. ಮುಗಿದ ಮೇಲೆ ಇಜೆಕ್ಟ್ ಮಾಡಿಯೇ ಕೀಳಿ.

ವಿಂಡೋಸ್ 11 ಆದರೆ ಇನ್ನೂ ಸುಲಭದ ದಾರಿ ಇದೆ. ಮೈಕ್ರೋಸಾಫ್ಟಿನ ಪುಟದಲ್ಲೇ ಮೀಡಿಯಾ ಕ್ರಿಯೇಶನ್ ಟೂಲ್ ಸಿಗುತ್ತದೆ. ಅದು ತಾನೇ ಇಳಿಸಿ ತಾನೇ ಬರೆಯುತ್ತದೆ. ರೂಫಸ್‌ನಲ್ಲಿ ಮಾಡಿದರೆ ಸ್ಟಾರ್ಟ್ ಒತ್ತಿದಾಗ ಟಿಪಿಎಂ ಬೇಕು ಅನ್ನುವ ನಿಯಮ ತೆಗೆಯಲಾ ಅಂತ ಕೇಳುತ್ತದೆ. ಹಳೇ ಕಂಪ್ಯೂಟರಿಗೆ ವಿಂಡೋಸ್ 11 ಹತ್ತಿಸುವ ಗುಟ್ಟು ಇದೇ. ಆದರೆ ಮೈಕ್ರೋಸಾಫ್ಟ್ ಅಂಥ ಕಂಪ್ಯೂಟರಿಗೆ ಅಪ್‌ಡೇಟಿನ ಖಾತರಿ ಕೊಡುವುದಿಲ್ಲ. ಮನೆಯ ಸ್ವಂತ ಕಂಪ್ಯೂಟರಿಗೆ ಬೇಕಾದರೆ ಮಾಡಿಕೊಳ್ಳಿ, ಲೆಕ್ಕಪತ್ರ ಇರುವ ಅಂಗಡಿ ಕಂಪ್ಯೂಟರಿಗೆ ನಾನು ಮಾಡುವುದಿಲ್ಲ. ಕೋರ್ 2 ಡ್ಯುಯೋ ಕಾಲದ ಪ್ರೊಸೆಸರಿಗೆ ಈ ಗುಟ್ಟೂ ನಡೆಯುವುದಿಲ್ಲ. ವಿಂಡೋಸ್ 11ರ 24ಎಚ್2 ಆವೃತ್ತಿಗೆ ಬೇಕಾದ ಕೆಲವು ಸೂಚನೆಗಳೇ ಆ ಚಿಪ್ಪಿನಲ್ಲಿ ಇಲ್ಲ.

ವಿಂಡೋಸ್ ಕಂಪ್ಯೂಟರೇ ಇಲ್ಲ ಅಂದರೆ? ಮ್ಯಾಕ್ ಅಥವಾ ಲಿನಕ್ಸಿನಲ್ಲಿ ಮಿಂಟ್ ಬರೆಯಲು ಬಲೇನಾ ಎಚರ್ ಇದೆ. ಮಿಂಟ್ ಬಳಸುತ್ತಿದ್ದರೆ ಅದೂ ಬೇಡ, ಐಎಸ್ಒ ಮೇಲೆ ರೈಟ್ ಕ್ಲಿಕ್ ಮಾಡಿದರೆ ಅಲ್ಲೇ ಆಯ್ಕೆ ಇದೆ. ಕೈಯಲ್ಲಿ ಆಂಡ್ರಾಯ್ಡ್ ಫೋನ್ ಮಾತ್ರ ಇದ್ದರೆ ಎಚ್‌ಡ್ರಾಯ್ಡ್ ಅನ್ನುವ ಆ್ಯಪ್ ಮತ್ತೆ ಫೋನಿಗೆ ಪೆನ್‌ಡ್ರೈವ್ ಜೋಡಿಸುವ ಒಂದು ಓಟಿಜಿ ಕೇಬಲ್ ಸಾಕು. ಮಿಂಟ್, ಉಬುಂಟುವಿಗೆ (ಇದೂ ಲಿನಕ್ಸಿನ ಒಂದು ಬಗೆ) ಆಗುತ್ತದೆ, ವಿಂಡೋಸ್ ಐಎಸ್ಒಗೆ ಆಗುವುದಿಲ್ಲ. ಹಳ್ಳಿಯಲ್ಲಿ ಒಂದೇ ಲ್ಯಾಪ್‌ಟಾಪ್ ಇದ್ದು ಅದೂ ಕೆಟ್ಟು ಕೂತಾಗ ಇದು ತುಂಬಾ ಉಪಯೋಗ.

ಆಗಾಗ ಹತ್ತಾರು ಕಂಪ್ಯೂಟರ್ ರಿಪೇರಿ ಮಾಡುವವರು ವೆಂಟಾಯ್ ನೋಡಿ. ಒಮ್ಮೆ ಪೆನ್‌ಡ್ರೈವಿಗೆ ಅದನ್ನು ಹಾಕಿದರೆ ಆಮೇಲೆ ಎಷ್ಟು ಐಎಸ್ಒ ಬೇಕಾದರೂ ಸುಮ್ನೆ ಕಾಪಿ ಮಾಡಬಹುದು, ಆನ್ ಆದಾಗ ಪಟ್ಟಿ ಬರುತ್ತದೆ. ಕಾಪಿ ಮಾಡಿದರೆ ಸಾಕು ಅನ್ನುವುದು ಇಲ್ಲಿ ಮಾತ್ರ ನಿಜ.

ಹಂತ 6: ಪೆನ್‌ಡ್ರೈವಿನಿಂದ ಬೂಟ್ ಮಾಡಿ

ಪೆನ್‌ಡ್ರೈವ್ ಹಾಕಿ ಆನ್ ಮಾಡಿದರೆ ಸಾಲದು. ಕಂಪ್ಯೂಟರ್ ರೂಢಿಯಂತೆ ಒಳಗಿನ ಡಿಸ್ಕಿಗೇ ಹೋಗುತ್ತದೆ. ಇವತ್ತು ಪೆನ್‌ಡ್ರೈವಿನಿಂದ ಏಳು ಅಂತ ಹೇಳಲು ಬೂಟ್ ಮೆನು ಕೀ ಇದೆ. ಡೆಲ್, ಲೆನೊವೊ, ಏಸರ್‌ನಲ್ಲಿ ಎಫ್12. ಎಚ್‌ಪಿಯಲ್ಲಿ ಎಸ್ಕೇಪ್ ಒತ್ತಿ ಆಮೇಲೆ ಎಫ್9. ಆಸುಸ್ ಲ್ಯಾಪ್‌ಟಾಪಿನಲ್ಲಿ ಎಸ್ಕೇಪ್, ಆಸುಸ್ ಮದರ್‌ಬೋರ್ಡ್ ಇರುವ ಡೆಸ್ಕ್‌ಟಾಪಿನಲ್ಲಿ ಎಫ್8. ಗಿಗಾಬೈಟ್ ಬೋರ್ಡಿಗೆ ಎಫ್12, ಎಂಎಸ್ಐ ಬೋರ್ಡಿಗೆ ಎಫ್11. ಪವರ್ ಬಟನ್ ಒತ್ತಿದ ಕ್ಷಣದಿಂದಲೇ ಆ ಕೀಯನ್ನು ಟಕ್ ಟಕ್ ಅಂತ ಒತ್ತುತ್ತಲೇ ಇರಿ. ಲೋಗೋ ಹೋದಮೇಲೆ ಒತ್ತಿದರೆ ಹೊತ್ತು ಮೀರಿತು ಅಂತಲೇ. ಕೆಲವು ಲ್ಯಾಪ್‌ಟಾಪಿನಲ್ಲಿ ಎಫ್ಎನ್ ಜೊತೆ ಸೇರಿಸಿ ಒತ್ತಬೇಕು. ಏಸರ್‌ನಲ್ಲಿ ಎಫ್12 ಕೆಲಸ ಮಾಡದಿದ್ದರೆ ಎಫ್2 ಒತ್ತಿ ಬಯಾಸಿಗೆ ಹೋಗಿ, ಎಫ್12 ಬೂಟ್ ಮೆನು ಅನ್ನುವುದನ್ನು ಎನೇಬಲ್ ಮಾಡಿ.

ಕೀ ಸಿಗುತ್ತಲೇ ಇಲ್ಲ, ಆದರೆ ವಿಂಡೋಸ್ ತೆರೆಯುತ್ತದೆ ಅಂದರೆ ಇನ್ನೊಂದು ದಾರಿ. ಶಿಫ್ಟ್ ಹಿಡಿದುಕೊಂಡು ರೀಸ್ಟಾರ್ಟ್ ಒತ್ತಿ. ನೀಲಿ ಪರದೆಯಲ್ಲಿ ಯೂಸ್ ಎ ಡಿವೈಸ್ ಅಂತ ಬರುತ್ತದೆ, ಅಲ್ಲಿ ಪೆನ್‌ಡ್ರೈವ್ ಆರಿಸಿ. ಯುಇಎಫ್ಐ ಇರುವ ಕಂಪ್ಯೂಟರಿನಲ್ಲಿ ಇದು ನಡೆಯುತ್ತದೆ.

ಬೂಟ್ ಪಟ್ಟಿಯಲ್ಲಿ ಒಂದೇ ಪೆನ್‌ಡ್ರೈವ್ ಎರಡು ಸಲ ಕಾಣಬಹುದು. ಒಂದರ ಮುಂದೆ ಯುಇಎಫ್ಐ ಅಂತ ಇರುತ್ತದೆ. ಹಂತ 4ರ ಚೀಟಿ ತೆಗೆದು ಅದಕ್ಕೆ ಹೊಂದುವುದನ್ನೇ ಆರಿಸಿ. ಈಗಿರುವ ವಿಂಡೋಸ್ ಜೊತೆಗೇ ಮಿಂಟ್ ಹಾಕುವವರು ಇಲ್ಲಿ ತಪ್ಪಿದರೆ ಆಮೇಲೆ ಎರಡರಲ್ಲಿ ಒಂದು ಕಾಣುವುದೇ ಇಲ್ಲ.

ಇನ್ನು ಇಲ್ಲಿ ಸಿಕ್ಕಿಹಾಕಿಕೊಂಡವರು ನನ್ನನ್ನು ಕೇಳುವುದು ಇವು:

"ಪೆನ್‌ಡ್ರೈವ್ ಪಟ್ಟಿಯಲ್ಲೇ ಇಲ್ಲ." ಬೇರೆ ಪೋರ್ಟಿಗೆ ಹಾಕಿ. ಡೆಸ್ಕ್‌ಟಾಪಿನಲ್ಲಿ ಮುಂದಿನ ಪೋರ್ಟ್ ಬಿಟ್ಟು ಹಿಂದಿನದಕ್ಕೆ ಹಾಕಿ. ಹಳೇ ಲ್ಯಾಪ್‌ಟಾಪಿನಲ್ಲಿ ನೀಲಿ ಬಣ್ಣದ ಪೋರ್ಟಿಗಿಂತ ಕಪ್ಪು ಪೋರ್ಟ್ ನಂಬಬಹುದು. ಆಗಲೂ ಇಲ್ಲದಿದ್ದರೆ ಸ್ಕೀಮ್ ತಪ್ಪಿರಬೇಕು, ಹಂತ 5ರ ಮೂರನೇ ಅಂಶಕ್ಕೆ ವಾಪಸ್ ಹೋಗಿ.

"ಸೆಕ್ಯೂರಿಟಿ ಪಾಲಿಸಿ ವಯಲೇಶನ್ ಅಂತ ಬಂತು." ಇದು ಸೆಕ್ಯೂರ್ ಬೂಟ್ ತಡೆಯುತ್ತಿರುವುದು. ಗುರುತು ಇಲ್ಲದ ಸಾಫ್ಟ್‌ವೇರನ್ನು ಏಳಲು ಬಿಡದ ಕಾವಲು ಅದು. ಮಿಂಟ್, ಉಬುಂಟುವಿಗೆ ಆ ಗುರುತು ಇದೆ. ಆದರೆ 2024ರ ಆಗಸ್ಟಿನಲ್ಲಿ ಬಂದ ಒಂದು ವಿಂಡೋಸ್ ಅಪ್‌ಡೇಟ್ ಆದಮೇಲೆ ಹಳೇ ಲಿನಕ್ಸ್ ಐಎಸ್ಒಗಳನ್ನು ಅದು ಒಳಗೆ ಬಿಡುತ್ತಿಲ್ಲ. ಹೊಸ ಐಎಸ್ಒ ಇಳಿಸಿದರೆ ಸರಿಹೋಗುತ್ತದೆ. ಬಯಾಸಿನಲ್ಲಿ ಸೆಕ್ಯೂರ್ ಬೂಟ್ ಆಫ್ ಮಾಡುವುದು ಕೊನೆಯ ದಾರಿ, ಅದೂ ಬಿಟ್‌ಲಾಕರ್ ಕೀ ಕೈಯಲ್ಲಿದ್ದರೆ ಮಾತ್ರ.

"ಮಿಂಟ್ ಮೆನು ಬಂತು, ಆಮೇಲೆ ಪರದೆ ಕಪ್ಪಾಯ್ತು." ಮುಖ್ಯವಾಗಿ ಎನ್‌ವಿಡಿಯಾ ಕಾರ್ಡ್ ಇರುವ ಕಡೆ ಆಗುತ್ತದೆ. ರೀಸ್ಟಾರ್ಟ್ ಮಾಡಿ ಅದೇ ಮೆನುವಿನಲ್ಲಿ ಕಂಪ್ಯಾಟಿಬಿಲಿಟಿ ಮೋಡ್ ಆರಿಸಿ.

"ಇನ್‌ಸ್ಟಾಲರ್ ಬಂತು, ಆದರೆ ಹಾರ್ಡ್‌ಡಿಸ್ಕೇ ಕಾಣ್ತಿಲ್ಲ." ಇಂಟೆಲ್ 11ನೇ ಜನರೇಶನ್ ಮತ್ತು ಅದರ ನಂತರದ ಲ್ಯಾಪ್‌ಟಾಪುಗಳಲ್ಲಿ ಇದು ತುಂಬಾ ಸಾಮಾನ್ಯ, ಎಸ್ಎಸ್‌ಡಿ ಕೆಟ್ಟಿದೆ ಅಂದುಕೊಂಡು ಹೊಸದು ಕೊಂಡವರೂ ಇದ್ದಾರೆ. ಕೆಟ್ಟಿರುವುದಿಲ್ಲ. ಇಂಟೆಲಿನ ವಿಎಂಡಿ ಅನ್ನುವ ವ್ಯವಸ್ಥೆಯ ಹಿಂದೆ ಡಿಸ್ಕ್ ಇರುತ್ತದೆ, ವಿಂಡೋಸ್ ಇನ್‌ಸ್ಟಾಲರಿಗೆ ಅದರ ಡ್ರೈವರ್ ಬೇಕು. ಲ್ಯಾಪ್‌ಟಾಪ್ ಕಂಪನಿಯ ಪುಟದಲ್ಲಿ ನಿಮ್ಮ ಮಾಡೆಲ್ ಹುಡುಕಿ ಇಂಟೆಲ್ ರ್‍ಯಾಪಿಡ್ ಸ್ಟೋರೇಜ್ ಡ್ರೈವರ್ ಇಳಿಸಿ, ಬಿಚ್ಚಿ, ಅದೇ ಪೆನ್‌ಡ್ರೈವಿನ ಒಂದು ಫೋಲ್ಡರಿನಲ್ಲಿ ಹಾಕಿ. ಇನ್‌ಸ್ಟಾಲರಿನಲ್ಲಿ ಲೋಡ್ ಡ್ರೈವರ್ ಒತ್ತಿ ಆ ಫೋಲ್ಡರ್ ತೋರಿಸಿದರೆ ಡಿಸ್ಕ್ ಕಾಣುತ್ತದೆ.

ಹಂತ 7: ಹಾಕುವ ಮುಂಚೆ ಓಡಿಸಿ ನೋಡಿ

ಮಿಂಟ್‌ನ ದೊಡ್ಡ ಅನುಕೂಲ ಇದು. ಪೆನ್‌ಡ್ರೈವಿನಿಂದ ಎದ್ದ ಕೂಡಲೇ ಪೂರ್ತಿ ಡೆಸ್ಕ್‌ಟಾಪ್ ಬರುತ್ತದೆ. ಇದಕ್ಕೆ ಲೈವ್ ಸೆಶನ್ ಅನ್ನುತ್ತಾರೆ. ಒಳಗಿನ ಡಿಸ್ಕಿಗೆ ಇನ್ನೂ ಏನೂ ಆಗಿರುವುದಿಲ್ಲ. ವೈಫೈ ಸಿಗುತ್ತಾ, ಸೌಂಡ್ ಬರುತ್ತಾ, ಕ್ಯಾಮೆರಾ, ಟಚ್‌ಪ್ಯಾಡ್, ಪ್ರಿಂಟರ್ ಎಲ್ಲ ನಡೆಯುತ್ತಾ ಅಂತ ಒಂದರ್ಧ ಗಂಟೆ ನೋಡಿ. ಪೆನ್‌ಡ್ರೈವಿನಿಂದ ಓಡುವಾಗ ನಿಧಾನ ಇರುತ್ತದೆ, ಅದನ್ನು ನೋಡಿ ಬೇಸರ ಆಗಬೇಡಿ. ಕೆಲವು ಹಳೇ ಡೆಲ್, ಎಚ್‌ಪಿ ಲ್ಯಾಪ್‌ಟಾಪಿನಲ್ಲಿ ಬ್ರಾಡ್‌ಕಾಮ್ ವೈಫೈ ಇರುತ್ತದೆ, ಅದು ಮೊದಲಿಗೆ ಕಾಣುವುದಿಲ್ಲ. ಫೋನನ್ನು ಕೇಬಲಿನಲ್ಲಿ ಹಾಕಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ, ಇನ್‌ಸ್ಟಾಲ್ ಆದಮೇಲೆ ಡ್ರೈವರ್ ಮ್ಯಾನೇಜರ್ ತೆರೆದರೆ ಬೇಕಾದ ಡ್ರೈವರ್ ತೋರಿಸುತ್ತದೆ.

ಎಲ್ಲ ಸರಿ ಅನಿಸಿದರೆ ಡೆಸ್ಕ್‌ಟಾಪ್ ಮೇಲಿನ ಇನ್‌ಸ್ಟಾಲ್ ಐಕಾನ್ ಒತ್ತಿ. ವಿಂಡೋಸ್ ಜೊತೆಗೇ ಹಾಕು, ಡಿಸ್ಕ್ ಪೂರ್ತಿ ಅಳಿಸಿ ಹಾಕು ಅನ್ನುವ ಆಯ್ಕೆಗಳು ಬರುತ್ತವೆ. ಮೌಸ್ ಒತ್ತುವ ಮುಂಚೆ ಆ ಸಾಲನ್ನು ಜೋರಾಗಿ ಓದಿಕೊಳ್ಳಿ. ಹಿಂದಕ್ಕೆ ಬರಲಾಗದ ಹೆಜ್ಜೆ ಇದೊಂದೇ.

ವಿಂಡೋಸ್ ಹಾಕುವವರಿಗೆ: ಲೈಸೆನ್ಸ್ ಕೀ ಕೇಳಿದಾಗ ನನ್ನ ಹತ್ತಿರ ಕೀ ಇಲ್ಲ ಅನ್ನುವುದನ್ನು ಒತ್ತಿ ಮುಂದೆ ಹೋಗಿ. ಈ ಮುಂಚೆ ಅದೇ ಕಂಪ್ಯೂಟರಿನಲ್ಲಿ ಅಸಲಿ ವಿಂಡೋಸ್ 10 ಇದ್ದರೆ ಲೈಸೆನ್ಸ್ ಮದರ್‌ಬೋರ್ಡಿಗೆ ಅಂಟಿಕೊಂಡಿರುತ್ತದೆ. ಹೋಮ್ ಇದ್ದರೆ ಹೋಮ್, ಪ್ರೊ ಇದ್ದರೆ ಪ್ರೊ, ಅದೇ ಬಗೆ ಹಾಕಿ ಇಂಟರ್ನೆಟ್ ಕೊಟ್ಟರೆ ತಾನೇ ಆಕ್ಟಿವೇಟ್ ಆಗುತ್ತದೆ. ದುಡ್ಡು ಕೊಟ್ಟು ಕೀ ಕೊಳ್ಳುವ ಮುಂಚೆ ಇದನ್ನು ನೋಡಿ.

ಹಂತ 8: ಪೆನ್‌ಡ್ರೈವ್ ಮತ್ತೆ ಮಾಮೂಲಿ ಮಾಡುವುದು

ಕೆಲಸ ಮುಗಿದ ಮೇಲೆ ಅದನ್ನು ವಿಂಡೋಸ್ ಕಂಪ್ಯೂಟರಿಗೆ ಹಾಕಿದರೆ 16 ಜಿಬಿಯ ಪೆನ್‌ಡ್ರೈವ್ ಕೆಲವೇ ಎಂಬಿ ತೋರಿಸಬಹುದು, ಇಲ್ಲವೇ ಫಾರ್ಮ್ಯಾಟ್ ಮಾಡಬೇಕು ಅಂತ ಕೇಳಬಹುದು. ಡಿಡಿ ಮೋಡಿನಲ್ಲಿ ಅಥವಾ ಎಚರ್‌ನಲ್ಲಿ ಬರೆದಾಗ ಹೀಗೆ ಆಗುತ್ತದೆ. ಪೆನ್‌ಡ್ರೈವ್ ಕೆಟ್ಟಿಲ್ಲ, ಅದರಲ್ಲಿರುವ ಪಾಲುಗಳನ್ನು ವಿಂಡೋಸಿಗೆ ಓದಲು ಬರುವುದಿಲ್ಲ ಅಷ್ಟೇ. ಇನ್ನೂ ಇನ್‌ಸ್ಟಾಲ್ ಮಾಡುವುದು ಬಾಕಿ ಇದ್ದರೆ ಫಾರ್ಮ್ಯಾಟ್ ಕೇಳಿದಾಗ ಕ್ಯಾನ್ಸಲ್ ಒತ್ತಿ, ಓಕೆ ಒತ್ತಿದರೆ ಮಾಡಿದ್ದೆಲ್ಲ ಹೋಗುತ್ತದೆ. ಮಾಮೂಲಿ ಬಳಕೆಗೆ ಬೇಕಾದಾಗ ರೂಫಸ್ ತೆರೆದು, ಬೂಟ್ ಸೆಲೆಕ್ಷನ್ ಜಾಗದಲ್ಲಿ ನಾನ್ ಬೂಟೇಬಲ್ ಆರಿಸಿ, ಸ್ಟಾರ್ಟ್ ಒತ್ತಿ. ಒಂದು ನಿಮಿಷದಲ್ಲಿ ಪೂರ್ತಿ ಜಾಗ ವಾಪಸ್ ಬರುತ್ತದೆ.

ಆದರೆ ಸಾಧ್ಯವಾದರೆ ಆ ಪೆನ್‌ಡ್ರೈವನ್ನು ಹಾಗೇ ಇಟ್ಟುಕೊಳ್ಳಿ. ನಾಳೆ ಯಾರದ್ದಾದರೂ ಕಂಪ್ಯೂಟರ್ ಏಳದೇ ಹೋದಾಗ ಮಿಂಟ್ ಪೆನ್‌ಡ್ರೈವಿನಿಂದ ಲೈವ್ ಆಗಿ ಎಬ್ಬಿಸಿ, ಒಳಗಿನ ಡಿಸ್ಕ್ ತೆರೆದು, ಅವರ ಫೋಟೋ, ಲೆಕ್ಕದ ಫೈಲು ಹೊರಗೆ ತೆಗೆದುಕೊಡಬಹುದು. ಡಿಸ್ಕಿಗೆ ಬಿಟ್‌ಲಾಕರ್ ಬೀಗ ಬಿದ್ದಿದ್ದರೆ ಅಲ್ಲಿಯೂ ಆ 48 ಅಂಕಿ ಬೇಕು. ಮೇಲೆ ಒಂದು ಚೂರು ಟೇಪ್ ಅಂಟಿಸಿ ಓಎಸ್ ಹೆಸರು, ಆವೃತ್ತಿ, ಮಾಡಿದ ತಿಂಗಳು ಬರೆದಿಡಿ.